ಅಟ್ಟದ ಟ್ರಂಕು, ಗೋಡೆಯ ಫೋಟೋ, ಅಂಗಡಿಯ ಕಿರ್ದಿ: ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಇತಿಹಾಸದ ಮೇಷ್ಟ್ರಲ್ಲ. ರಾಯಚೂರಿನ ಗಂಜಿನಲ್ಲಿ, ಅಂದರೆ ಸಗಟು ಪೇಟೆಯಲ್ಲಿ, ಹತ್ತಿ ದಲಾಲಿ ಅಂಗಡಿ ಇಟ್ಟಿದ್ದವರ ಮೊಮ್ಮಗ. ಭಾನುವಾರ ಬಂತೆಂದರೆ ಪರಿಚಯದವರ ಮನೆಯ ಅಟ್ಟದಿಂದ ಟ್ರಂಕು ಇಳಿಸಿ, ಅದರೊಳಗಿನ ಫೋಟೋ, ಕಾಗದ, ಕಿರ್ದಿ ಎಂಬ ದಿನದ ಲೆಕ್ಕದ ಪುಸ್ತಕ ನೋಡುವ ಚಟ ಹತ್ತಿ ಬಹಳ ವರ್ಷವಾಯಿತು. ಹೋದಲ್ಲೆಲ್ಲ ಅವೇ ಪ್ರಶ್ನೆ. ಒಂದು ಕಡೆ ಬರೆದಿಟ್ಟರೆ ಬಾಯಿಗೆ ಸ್ವಲ್ಪ ವಿಶ್ರಾಂತಿ ಅಂತ ಬರೆದದ್ದು ಇದು.

ನಮ್ಮ ಕಡೆ ಫೋಟೋ ತೆಗೆಯುವುದು ಶುರುವಾದದ್ದು ಯಾವಾಗ?

ದೊಡ್ಡ ಮಟ್ಟದ ಹಳೆಯ ಕೆಲಸವೆಂದರೆ ಹಂಪಿಯದು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಮದ್ರಾಸ್ ಸೈನ್ಯದ ಅಧಿಕಾರಿ ಅಲ್ಲಿಯ ಗುಡಿ, ಬಜಾರು, ಅರಮನೆಗಳ ಚಿತ್ರ ತೆಗೆದ. ಗಾಜೂ ಅಲ್ಲ, ಫಿಲ್ಮೂ ಅಲ್ಲ, ಮೇಣ ಸವರಿದ ಕಾಗದವೇ ಅವನ ನೆಗೆಟಿವ್. ಒಂದೊಂದೂ ಅಡಿಗಿಂತ ಅಗಲ. ಆ ಕಾಲದ ಕ್ಯಾಮೆರಾ ಬೆಳಕು ಕುಡಿಯುವುದು ನಿಧಾನ, ನಡೆದಾಡುವ ಮನುಷ್ಯ ಚಿತ್ರದಲ್ಲಿ ನಿಲ್ಲುತ್ತಿರಲಿಲ್ಲ. ಕಲ್ಲು ಮಾತ್ರ ಅಲುಗದೆ ನಿಂತು ಕೊಟ್ಟಿತು.

ಅವನ ಕಲ್ಲಿನ ರಥದ ಚಿತ್ರವನ್ನು ಒಮ್ಮೆ ಹುಡುಕಿ ನೋಡಿ. ಈಗಿನ 50 ರೂಪಾಯಿ ನೋಟಿನ ಮೇಲಿರುವ ರಥದ ತಲೆ ಬೋಳು. ಗ್ರೀನ್‌ಲಾ ತೆಗೆದ ಚಿತ್ರದಲ್ಲಿ ಅದರ ಮೇಲೆ ಇಟ್ಟಿಗೆಯ ಶಿಖರವಿದೆ. ಮುಂದೆ ಆ ಶಿಖರ ಹೋಯಿತು, ಚಿತ್ರ ಉಳಿಯಿತು. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಅದೇ ಜಾಗಗಳನ್ನು ಹುಡುಕಿ, ಅದೇ ಕೋನದಲ್ಲಿ ಕ್ಯಾಮೆರಾ ಇಟ್ಟು ಮತ್ತೆ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ 127 ವರ್ಷದಲ್ಲಿ ಏನು ಬಿತ್ತು, ಏನು ರಿಪೇರಿಯಾಯಿತು ಎಂದು ಮಗುವಿಗೂ ತಿಳಿಯುತ್ತದೆ. ನಿಮ್ಮ ಅಂಗಡಿಯ ಎದುರಿಗಿನ ರಸ್ತೆಯ ಹಳೆ ಫೋಟೋ ಇದ್ದರೆ ನೀವೂ ಇದನ್ನು ಮಾಡಬಹುದು. ಮೊಬೈಲು ಸಾಕು.

ಬರಗಾಲದ ಫೋಟೋಗಳು ವಾಟ್ಸಾಪಿನಲ್ಲಿ ಬರುತ್ತವೆ. ಅವು ಬಳ್ಳಾರಿಯವೇ?

1876ರಿಂದ 78ರವರೆಗಿನ ಬರ, ನಮ್ಮ ಹಿರಿಯರು ಧಾತು ಸಂವತ್ಸರದ ಬರ ಅನ್ನುತ್ತಿದ್ದದ್ದು, ಬಳ್ಳಾರಿ ಜಿಲ್ಲೆಯನ್ನು ಹುರಿದು ಹಾಕಿತ್ತು. ವಿಲಬಿ ಹೂಪರ್ ಎಂಬ ಸೈನ್ಯಾಧಿಕಾರಿ ಮದ್ರಾಸ್ ಪ್ರಾಂತ್ಯದ ಬರಪೀಡಿತರನ್ನು ಸಾಲಾಗಿ ಕೂರಿಸಿ ತೆಗೆದ ಚಿತ್ರಗಳು ಪ್ರಸಿದ್ಧ, ಕುಪ್ರಸಿದ್ಧ ಅಂದರೂ ಸರಿಯೇ. ಆದರೆ ಪ್ರಾಂತ್ಯ ದೊಡ್ಡದು. ಚಿತ್ರದ ಕೆಳಗೆ ಊರು ಬರೆದಿರದಿದ್ದರೆ ನಾವಾಗಿ ‘ಬಳ್ಳಾರಿ’ ಅಂತ ಸೇರಿಸುವುದು ಬೇಡ. ಹಸಿದವರ ಮೇಲೆ ಇನ್ನೊಂದು ಅನ್ಯಾಯ ಅದು.

ಮನೆಯಲ್ಲಿರುವ ಫೋಟೋ ಎಷ್ಟು ಹಳೆಯದೆಂದು ತಿಳಿಯುವುದು ಹೇಗೆ?

ಮೊದಲು ಹಿಂದಕ್ಕೆ ತಿರುಗಿಸಿ. ಮುಖ ನೋಡಿ ಕಾಲ ಹೇಳುವವರು ಹತ್ತರಲ್ಲಿ ಏಳು ಸಲ ತಪ್ಪುತ್ತಾರೆ, ನಾನೂ ತಪ್ಪಿದ್ದೇನೆ. ದಪ್ಪ ರಟ್ಟಿಗೆ ಅಂಟಿಸಿದ, ತೆಳು ಕಾಗದದ, ಕಂದು ಹಳದಿ ಬಣ್ಣದ ಫೋಟೋ ಆದರೆ ಮೊಟ್ಟೆಯ ಬಿಳಿಲೋಳೆ ಸವರಿದ ಕಾಗದವಿರಬಹುದು. ಅಂಥವು ಹೆಚ್ಚಾಗಿ 1900ಕ್ಕೆ ಮುಂಚಿನವು. ನಮ್ಮ ಕಡೆ ಮನೆಗಳಲ್ಲಿ ಸಿಗುವುದು ಅಪರೂಪ. ಸಿಕ್ಕರೆ ದಯವಿಟ್ಟು ಗೋಡೆಯಿಂದ ಇಳಿಸಿ, ಬಿಸಿಲು ಬೀಳದ ಕಡೆ ಇಡಿ.

ಕಪ್ಪು ಬಿಳುಪು, ಅಂಚಿನಲ್ಲಿ ಕನ್ನಡಿಯ ಹಾಗೆ ಬೆಳ್ಳಿ ಮಿಂಚು ಕಾಣುತ್ತದೆ ಎಂದರೆ ಅದು ಆಮೇಲಿನ ಕಾಲದ ಕಾಗದ. ಆ ಮಿಂಚನ್ನು ಕೊಳೆ ಎಂದು ಒರೆಸಬೇಡಿ, ಚಿತ್ರದೊಳಗಿನ ಬೆಳ್ಳಿಯೇ ಮೇಲೆ ಬಂದಿರುವುದು ಅದು. ಹಿಂದೆ ಬಣ್ಣ ಬಳಿದ ಪರದೆ, ಅದರಲ್ಲೊಂದು ಮೆಟ್ಟಿಲು, ಕೊಳ, ಹಂಸ, ಮುಂದೆ ಮರದ ಸ್ಟೂಲಿನ ಮೇಲೆ ಹೂದಾನಿ ಇದ್ದರೆ ಸ್ಟುಡಿಯೋ ಫೋಟೋ. ಒಂದೇ ಪರದೆ ಮೂರು ಮನೆತನದ ಫೋಟೋಗಳಲ್ಲಿ ಕಂಡರೆ ಮೂರೂ ಒಂದೇ ಸ್ಟುಡಿಯೋದವು. ಒಂದರ ಇಸವಿ ಗೊತ್ತಾದರೆ ಉಳಿದೆರಡಕ್ಕೂ ಹತ್ತಿರ ಹತ್ತಿರದ ಕಾಲ ಸಿಕ್ಕಂತೆ. ಬೆಂಚು, ಕುರ್ಚಿಗಳದೂ ಅದೇ ಕಥೆ. ಕೊಪ್ಪಳದ ಎರಡು ಮನೆಗಳ ಮದುವೆ ಫೋಟೋದಲ್ಲಿ ಒಂದೇ ಕೈಗಡಿಯಾರ ಕಂಡಿದ್ದೇನೆ. ಮದುಮಗನಿಗೆ ಸ್ಟುಡಿಯೋದವನೇ ಕಟ್ಟುತ್ತಿದ್ದನಂತೆ!

ಚೌಕಾಕಾರದ ಚಿಕ್ಕ ಪ್ರಿಂಟು, ಮನೆಯಂಗಳದಲ್ಲೇ ತೆಗೆದದ್ದು ಎಂದರೆ ಆಗ್ಫಾ ಕ್ಲಿಕ್ 3 ಎಂಬ ಕ್ಯಾಮೆರಾದ ಕಾಲ ಇರಬಹುದು. ಒಂದು ರೋಲಿಗೆ 12 ಚಿತ್ರ. ಹದಿಮೂರನೆಯವರು ಮುನಿಸಿಕೊಳ್ಳುತ್ತಿದ್ದರು.

ಫೋಟೋ ಹಿಂದೆ ಉರ್ದುವಿನಲ್ಲಿ ಬರೆದಿದೆ. ನಾವು ಲಿಂಗಾಯತರು, ಇದು ನಮ್ಮ ಮನೆಯದೇ?

ಖಂಡಿತ ನಿಮ್ಮದೇ. ರಾಯಚೂರು, ಕೊಪ್ಪಳ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಕಚೇರಿ, ಶಾಲೆ, ಕೋರ್ಟು ಎಲ್ಲ ಉರ್ದು. ನಮ್ಮ ಮುತ್ಯಾ, ಅಂದರೆ ಅಜ್ಜ, ಮನೆಯಲ್ಲಿ ಕನ್ನಡ, ಗಂಜಿನಲ್ಲಿ ತೆಲುಗು, ತಹಶೀಲಿನಲ್ಲಿ ಉರ್ದು ಆಡುತ್ತಿದ್ದರು, ಸಹಿ ಮಾತ್ರ ಉರ್ದುವಿನಲ್ಲೇ. ಬಳ್ಳಾರಿ ಬೇರೆ. 1800ರಲ್ಲಿ ನಿಜಾಮರು ಕಂಪನಿಗೆ ಬಿಟ್ಟುಕೊಟ್ಟ ಸೀಮೆ ಅದು, 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರುವವರೆಗೆ ಮದ್ರಾಸ್ ಪ್ರಾಂತ್ಯ. ಹಾಗಾಗಿ ಬಳ್ಳಾರಿಯ ಟ್ರಂಕಿನಲ್ಲಿ ತೆಲುಗು, ಇಂಗ್ಲಿಷು ಹೆಚ್ಚು. ತುಂಗಭದ್ರೆಯ ಈ ದಡ, ಆ ದಡ, ಎರಡು ಸರ್ಕಾರ, ಎರಡು ಬಗೆಯ ಕಾಗದ. ಬೀಗತನ ಮಾತ್ರ ಹೊಳೆ ದಾಟಿಯೇ ನಡೆಯುತ್ತಿತ್ತು.

ಇಸವಿ ನೋಡಿ ಗಾಬರಿಯಾಗಬೇಡಿ. ‘1340’ ಎಂದಿದ್ದರೆ ಅದು ವಿಜಯನಗರದ ಕಾಲವಲ್ಲ, ಫಸಲಿ, ಅಂದರೆ ಕಂದಾಯದ ಲೆಕ್ಕದ ವರ್ಷ. 590 ಕೂಡಿಸಿ, 1930 ಬಂತು. ಮದ್ರಾಸಿನ ಫಸಲಿ ಜುಲೈಗೆ ಶುರುವಾದರೆ ಹೈದರಾಬಾದಿನದು ಅಕ್ಟೋಬರಿಗೆ. ಆದ್ದರಿಂದ ವರ್ಷದ ಬಹುಪಾಲು ಮುಂದಿನ ಇಸವಿಗೆ, ಅಂದರೆ 1931ಕ್ಕೆ ಬೀಳುತ್ತದೆ. ಪಕ್ಕದಲ್ಲಿ ಆಜೂರ್, ದೈ, ಬಹಮನ್ ಅಂತ ತಿಂಗಳ ಹೆಸರಿದ್ದರೆ ಹೈದರಾಬಾದಿನದೇ, ಅನುಮಾನ ಬೇಡ.

ನಮ್ಮದು ದಲಾಲಿ ಅಂಗಡಿ. ಹಳೆಯ ಕಿರ್ದಿ, ಖತಾವಣಿ (ಒಬ್ಬೊಬ್ಬರ ಖಾತೆಯ ಪುಸ್ತಕ) ಮೂರು ಬಸ್ತಾ ಇವೆ. ರದ್ದಿಗೆ ಹಾಕಬಹುದೇ?

ಈ ಪ್ರಶ್ನೆ ಬಂದಾಗಲೆಲ್ಲ ನನ್ನ ದನಿ ಏರುತ್ತದೆ, ಕ್ಷಮಿಸಿ. ಹಾಕಬೇಡಿ. ಫೋಟೋ ಹಾಳಾದರೂ ಪರವಾಗಿಲ್ಲ, ಕಿರ್ದಿ ಉಳಿಸಿ ಅನ್ನುವವನು ನಾನು. ಫೋಟೋದಲ್ಲಿ ಮನುಷ್ಯ ಹೇಗೆ ಕಾಣಬೇಕೆಂದುಕೊಂಡಿದ್ದನೋ ಹಾಗೆ ಕಾಣುತ್ತಾನೆ. ಕಿರ್ದಿಯಲ್ಲಿ ಇದ್ದ ಹಾಗೆ ಇರುತ್ತಾನೆ.

ನಮ್ಮದೇ ಒಂದು ಪುಟ ಹೇಳುತ್ತೇನೆ. ಕೆಂಪು ಬಟ್ಟೆಯ ರಟ್ಟು, ಉದ್ದಕ್ಕೆ ಮಡಿಸಿದ ಹಾಳೆ, ಮೇಲೆ ಶ್ರೀಕಾರ, ಅದರ ಕೆಳಗೆ ಅರಿಸಿನದ ಬೆರಳಚ್ಚು. ದೀಪಾವಳಿ ಪಾಡ್ಯದ ಪೂಜೆಯದು. ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಹಮಾಲಿ, ಗಾಡಿ ಬಾಡಿಗೆ, ಎತ್ತಿಗೆ ಹಿಂಡಿ, ದೇವರ ಎಣ್ಣೆ. ಅವುಗಳ ನಡುವೆ ಒಂದು ಸಾಲು: ‘ಫೋಟೋ ಬಾಬತ್ತು, ಹಾಲಿ ರೂ. 7’. ಅದರ ಕೆಳಗೇ ‘ರೇಷ್ಮೆ ರುಮಾಲು ಬಾಡಿಗೆ, 4 ಆಣೆ’.

ಗೋಡೆಯ ಮೇಲಿನ ಫೋಟೋದಲ್ಲಿ ನಮ್ಮ ಮುತ್ಯಾನ ಅಪ್ಪ ಜರಿಯ ರುಮಾಲು ಸುತ್ತಿ ಸರದಾರನ ಹಾಗೆ ಕೂತಿದ್ದಾರೆ. ಮೂರು ತಲೆಮಾರು ಆ ರುಮಾಲಿನ ಬಗ್ಗೆ ಕೊಚ್ಚಿಕೊಂಡಿದ್ದೆವು. ಬಾಡಿಗೆಯದಂತೆ! ನಮ್ಮ ಕಾಕಾ ಆ ಪುಟ ನೋಡಿ ಎರಡು ದಿನ ಮಾತಾಡಲಿಲ್ಲ. ಆಮೇಲೆ, ‘ನಾಕಾಣೆ ಕೊಟ್ಟು ತಂದಾರಲ್ಲ, ಕಡಾ ತಂದಿಲ್ಲಲ್ಲ’ ಅಂದರು. ನನಗಂತೂ ಮುತ್ಯಾನ ಅಪ್ಪ ಆ ದಿನವೇ ಮೊದಲ ಸಲ ಸಿಕ್ಕಿದ್ದು.

ಅಂದಹಾಗೆ ‘ಹಾಲಿ’ ಎಂದರೆ ನಿಜಾಮರ ಹಾಲಿ ಸಿಕ್ಕಾ ರೂಪಾಯಿ. ಬ್ರಿಟಿಷರ ರೂಪಾಯಿಗೆ ‘ಕಲ್ದಾರ’ ಅನ್ನುತ್ತಿದ್ದರು. ಹೆಚ್ಚು ಕಡಿಮೆ 7 ಹಾಲಿಗೆ 6 ಕಲ್ದಾರ. ಬಳ್ಳಾರಿ, ಆದೋನಿ ಕಡೆ ವ್ಯಾಪಾರವಿದ್ದ ಅಂಗಡಿಗಳ ಕಿರ್ದಿಯಲ್ಲಿ ಎರಡೂ ಇರುತ್ತವೆ. ಕೂಡಿಸುವಾಗ ಬೆರೆಸಬೇಡಿ.

ಕಿರ್ದಿಯ ಅಕ್ಷರ ಓದಲಿಕ್ಕೇ ಬರುವುದಿಲ್ಲ. ಏನು ಮಾಡುವುದು?

ಮೋಡಿ ಬರಹವಿರಬೇಕು. ಲೇಖಣಿ ಎತ್ತದೆ ಬರೆದ ಕೂಡಕ್ಷರ. ಮರಾಠಿಯ ಮೋಡಿ ಬೇರೆ, ಕನ್ನಡದ ಮೋಡಿ ಬೇರೆ, ಮಾರವಾಡಿ ಪೇಟೆಯ ಮಹಾಜನಿ ಮತ್ತೂ ಬೇರೆ. ಮೊದಲು ಅಂಕಿ ಓದಿ, ಅವು ಬೇಗ ಹಿಡಿತಕ್ಕೆ ಬರುತ್ತವೆ. ಆಮೇಲೆ ಪ್ರತಿ ಪುಟದಲ್ಲೂ ಬರುವ ಜಮಾ, ಖರ್ಚು, ಬಾಕಿ ಗುರುತಿಸಿ. ಅಷ್ಟಾದರೆ ಅರ್ಧ ಪುಟ ತಾನೇ ಬಾಯಿ ಬಿಡುತ್ತದೆ.

ಕರ್ರಗಿನ ಬಟ್ಟೆ ಮಡಿಕೆ ಮಡಿಕೆಯಾಗಿ ಸಿಕ್ಕರೆ ಅದನ್ನು ಒರೆಸುವ ಬಟ್ಟೆ ಅಂದುಕೊಳ್ಳಬೇಡಿ. ಅದು ಕಡತ. ಹುಣಸೆ ಬೀಜದ ಸರಿಗೆ ಇದ್ದಲ ಪುಡಿ ಬೆರೆಸಿ ಬಟ್ಟೆಗೆ ಬಳಿದು, ಒಣಗಿಸಿ, ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಸರ್ಕಾರಿ ಕಚೇರಿಯಲ್ಲಿ ನಾವಿಂದು ‘ಕಡತ ವಿಲೇವಾರಿ’ ಅನ್ನುತ್ತೇವಲ್ಲ, ಆ ಮಾತು ಬಂದದ್ದು ಇಲ್ಲಿಂದಲೇ. ಒದ್ದೆ ಕೈ ತಾಗಿಸಬೇಡಿ, ಬಳಪ ಅಳಿದರೆ ಮುಗಿಯಿತು.

ರಾಯಚೂರಿಗೆ ಇಷ್ಟೊಂದು ವ್ಯಾಪಾರಿ ಮನೆತನ ಬಂದದ್ದು ಹೇಗೆ?

ರೈಲು. 1871ರಲ್ಲಿ ಮುಂಬೈ ಕಡೆಯಿಂದ ಬಂದ ಹಳಿಯೂ ಮದ್ರಾಸಿನಿಂದ ಬಂದ ಹಳಿಯೂ ಕೂಡಿದ್ದು ರಾಯಚೂರಿನಲ್ಲಿ. ಎರೆಭೂಮಿಯ ಹತ್ತಿ ಇತ್ತು, ಸಾಗಿಸಲು ಗಾಡಿ ಬಂತು, ಬೀಜ ಬಿಡಿಸುವ ಜಿನ್ನು ಬಂದವು, ಅರಳೆ ಒತ್ತುವ ಪ್ರೆಸ್ಸು ಬಂದವು, ಜೊತೆಗೆ ದೂರದ ವ್ಯಾಪಾರಿಗಳೂ ಬಂದರು. ಅದಕ್ಕೆ ಮುಂಚೆ ವ್ಯಾಪಾರ ಇರಲಿಲ್ಲ ಎಂದಲ್ಲ. ಅಯ್ಯಾವೊಳೆ ಐನೂರ್ವರೆಂಬ ಹಳೆಯ ವ್ಯಾಪಾರಿ ಸಂಘದ ಕಾಲದಿಂದ ಈ ಸೀಮೆ ಸಂತೆಯದೇ ಸೀಮೆ. ಹಂಪಿಯ ಮಹಾನವಮಿ ದಿಬ್ಬದ ಕಲ್ಲಿನಲ್ಲಿ ಕುದುರೆ ತಂದ ಪರದೇಶಿ ವ್ಯಾಪಾರಿಗಳು ಸಾಲಾಗಿ ನಿಂತಿದ್ದಾರೆ. ವ್ಯಾಪಾರಿಗಳ ಗ್ರೂಪ್ ಫೋಟೋ ಅಂದರೆ ನನಗೆ ಮೊದಲು ನೆನಪಾಗುವುದು ಅದೇ.

ಹಳೆಯ ಫೋಟೋಗಳಲ್ಲಿ ಮನೆಯ ಹೆಂಗಸರು ಯಾಕೆ ಇಲ್ಲ?

ಸ್ಟುಡಿಯೋ ಮೆಟ್ಟಿಲು ಹತ್ತಿಸುತ್ತಿರಲಿಲ್ಲ. ‘ಫೋಟೋ ತಗಿಸಿದ್ರ ಆಯುಷ್ಯ ಕಡಿಮಿ ಆಗ್ತದ’ ಅನ್ನುವ ಮಾತು ಹೆಂಗಸರಿಗಷ್ಟೇ ಲಾಗೂ, ಗಂಡಸರು ವರ್ಷಕ್ಕೊಂದು ತೆಗೆಸಿಕೊಂಡು ತೊಂಬತ್ತು ಬದುಕಿದರು. ಹಮಾಲರೂ ಇಲ್ಲ, ಹತ್ತಿಯ ಅಂಡಿಗೆ (ದೊಡ್ಡ ಮೂಟೆ) ತುಂಬಿದವರೂ ಇಲ್ಲ, ಜಿನ್ನಿನಲ್ಲಿ ಅರಳೆ ಆರಿಸಿದ ಹೆಣ್ಣುಮಕ್ಕಳೂ ಇಲ್ಲ. ಆದರೆ ಕಿರ್ದಿಯಲ್ಲಿ ಇದ್ದಾರೆ. ಬಟವಾಡೆ ದಿನದ ಪುಟ ತೆಗೆಯಿರಿ, ಹೆಸರು ಹೆಸರಾಗಿ, ಕಾಸು ಕಾಸಾಗಿ ಸಿಗುತ್ತಾರೆ. ಮೇಲೆ ನನ್ನ ದನಿ ಏರಿದ್ದು ಇದಕ್ಕೇ.

ಸಾಹಿತಿಗಳಿಗೂ ವ್ಯಾಪಾರಿಗಳಿಗೂ ಏನು ಸಂಬಂಧ? ಶೆಟ್ಟರು ದುಡ್ಡು ಕೊಟ್ಟರು, ಕವಿಗಳು ಬರೆದರು, ಅಷ್ಟೇ ತಾನೆ?

ಅಷ್ಟೇ ಅಲ್ಲ. ಪುರಂದರದಾಸರನ್ನೇ ನೋಡಿ. ನವಕೋಟಿ ನಾರಾಯಣ ಎನಿಸಿಕೊಂಡ ವ್ಯಾಪಾರಿ ಎಲ್ಲ ಬಿಟ್ಟು ವಿಜಯನಗರಕ್ಕೆ ಬಂದ ಎಂಬುದು ಪರಂಪರೆಯ ಕಥೆ. ಕಥೆ ಬದಿಗಿಟ್ಟರೂ ಪದಗಳಲ್ಲಿ ಅಂಗಡಿ ಉಳಿದಿದೆ. ಕಲ್ಲುಸಕ್ಕರೆ ಮಾರುವ ಕೀರ್ತನೆಯಲ್ಲಿ ಎತ್ತಿನ ಹೇರು, ಗೋಣಿ, ಬಾಡಿಗೆ, ಸುಂಕ ಎಲ್ಲ ಬರುತ್ತವೆ. ಗಾದಿಯ ಮೇಲೆ ಕೂತು ಅಭ್ಯಾಸವಿಲ್ಲದವರ ಬಾಯಲ್ಲಿ ಇವು ಅಷ್ಟು ಸಲೀಸಾಗಿ ಬರಲಾರವು ಎಂಬುದು ನನ್ನ ಅನಿಸಿಕೆ.

ಬಳ್ಳಾರಿಯ ರಂಗಭೂಮಿಯನ್ನು ವ್ಯಾಪಾರಿಗಳು ಕಟ್ಟಿದರು ಎಂದು ಕೆಲವರು ಭಾಷಣ ಮಾಡುತ್ತಾರೆ. ಮುಂದೆ ನಿಂತವರು ವಕೀಲರು. ಧರ್ಮವರಂ ಕೃಷ್ಣಮಾಚಾರ್ಯರು ವಕೀಲರು, ಕೋಲಾಚಲಂ ಶ್ರೀನಿವಾಸರಾಯರು ವಕೀಲರು, ಬಳ್ಳಾರಿ ರಾಘವರೂ ವಕೀಲರೇ. ಬರೆದದ್ದು ಹೆಚ್ಚಾಗಿ ತೆಲುಗಿನಲ್ಲಿ, ನೋಡಿದವರು ಎರಡೂ ಭಾಷೆಯವರು. 1880ರಲ್ಲಿ ಹುಟ್ಟಿ 1946ರಲ್ಲಿ ತೀರಿಕೊಂಡ ರಾಘವರು ಹೆಣ್ಣಿನ ಪಾತ್ರವನ್ನು ಹೆಣ್ಣುಮಕ್ಕಳೇ ಮಾಡಬೇಕೆಂದು ಹಟ ಹಿಡಿದವರು. ಟಿಕೆಟು ಕೊಂಡವರು, ಮುಂದಿನ ಸಾಲಿನ ಕುರ್ಚಿ ಹಿಡಿದವರು ಯಾರೆಂದು ತಿಳಿಯಬೇಕಾದರೆ ಮತ್ತೆ ಅಂಗಡಿಯ ಖರ್ಚಿನ ಪುಟಕ್ಕೇ ಬರಬೇಕು. ‘ನಾಟಕ ಬಾಬತ್ತು’ ಎಂಬ ಸಾಲು ಕಂಡರೆ ನನಗೊಂದು ಮಾತು ತಿಳಿಸಿ.

ಮನೆಯಲ್ಲಿ ಕವಿಗಳ ಪತ್ರಗಳಿವೆ. ಅವಕ್ಕೆ ಬೆಲೆ ಇದೆಯೇ?

ಇದೆ. ರಾಯಚೂರಿನ ಶಾಂತರಸರು ಗಜಲನ್ನು ಕನ್ನಡಕ್ಕೆ ತಂದವರಲ್ಲಿ ಮೊದಲಿಗರು. ಉರ್ದು ಬೀದಿಯಲ್ಲೇ ಕಿವಿಗೆ ಬೀಳುತ್ತಿದ್ದ ಸೀಮೆಯಲ್ಲಿ ಅದು ಚಿಗುರಿದ್ದು ಆಶ್ಚರ್ಯವೇನಲ್ಲ. ‘ಕಾವ್ಯಾನಂದ’ ಸಿದ್ದಯ್ಯ ಪುರಾಣಿಕರು ಹುಟ್ಟಿದ್ದು 1918ರಲ್ಲಿ ಯಲಬುರ್ಗಾ ತಾಲ್ಲೂಕಿನ ದ್ಯಾಂಪುರದಲ್ಲಿ. ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ಬೀchiಯವರು, ಅಂದರೆ ಬೀಚಿ, ಪೊಲೀಸ್ ಇಲಾಖೆಯ ನೌಕರಿಯಲ್ಲಿದ್ದುಕೊಂಡೇ ನಗಿಸಿದವರು. ಇಂಥವರು ಬರೆದ ಒಂದು ಪೋಸ್ಟ್ ಕಾರ್ಡಿದ್ದರೂ ಅಂಚೆ ಮುದ್ರೆಯ ಊರು, ತಾರೀಖು ಬರೆದಿಟ್ಟುಕೊಳ್ಳಿ. ಲ್ಯಾಮಿನೇಷನ್ ಮಾಡಿಸಬೇಡಿ. ಹಾಗೆ ಮಾಡಿಸಿದ್ದನ್ನು ಮತ್ತೆ ಬಿಡಿಸಲಾಗುವುದಿಲ್ಲ.

ಸ್ಟುಡಿಯೋ ಮುಚ್ಚುತ್ತಿದ್ದಾರೆ, ಗಾಜಿನ ನೆಗೆಟಿವ್‌ಗಳಿವೆಯಂತೆ. ತೆಗೆದುಕೊಳ್ಳಬೇಕೇ?

ಈಗಲೇ ಎದ್ದು ಹೋಗಿ. ನನ್ನ ಹಳೆಯ ಸಂಕಟ ಇದು. ನಮ್ಮೂರಿನ ಒಂದು ಸ್ಟುಡಿಯೋದಲ್ಲಿ ಮರದ ಪೆಟ್ಟಿಗೆ ತುಂಬ ಗಾಜುಗಳಿವೆ ಎಂದು ಕೇಳಿ, ‘ಮುಂದಿನ ವಾರ ಬರ್ತೀನ್ರಿ’ ಅಂದು ಬಂದೆ. ಮುಂದಿನ ವಾರ ಹೋದರೆ ಗಾಜುಗಳು ಇದ್ದವು, ಚಿತ್ರ ಇರಲಿಲ್ಲ. ಸೋಡಾ ಹಾಕಿ ತಿಕ್ಕಿ ತೊಳೆದು, ದೇವರ ಪಟಕ್ಕೆ ಕಟ್ಟು ಹಾಕಲು ಜೋಡಿಸಿಟ್ಟಿದ್ದರು. ಒಂದು ಗಾಜಿನ ಮೂಲೆಯಲ್ಲಿ ಒಂದು ಮಗುವಿನ ಕಾಲು, ಕಾಲಿನಲ್ಲಿ ಕಡಗ, ಅಷ್ಟು ಉಳಿದಿತ್ತು. ಅವರದೇನೂ ತಪ್ಪಿಲ್ಲ, ಗಾಜಿಗೆ ಗಿರಾಕಿ ಇದ್ದ, ಚಿತ್ರಕ್ಕೆ ಇರಲಿಲ್ಲ. ವಾರ ತಡ ಮಾಡಿದವನು ನಾನು.

ಸಿಕ್ಕರೆ ಅಂಚು ಹಿಡಿದು ಎತ್ತಿ. ಹೊಳಪಿಲ್ಲದ ಮಗ್ಗುಲಲ್ಲಿ ಚಿತ್ರವಿರುತ್ತದೆ, ಅದನ್ನು ಮುಟ್ಟಬೇಡಿ, ನೀರು ತಾಗಿಸಬೇಡಿ. ಒಂದೊಂದಕ್ಕೂ ಬಿಳಿ ಕಾಗದ ಸುತ್ತಿ, ಪುಸ್ತಕದ ಹಾಗೆ ನಿಲ್ಲಿಸಿಡಿ. ಒಂದರ ಮೇಲೊಂದು ಪೇರಿಸಿದರೆ ಭಾರಕ್ಕೆ ಕೆಳಗಿನದು ಒಡೆಯುತ್ತದೆ.

ಗೆದ್ದಲು, ಬಿಸಿಲು, ಧೂಳು: ಕಾಪಾಡುವುದು ಹೇಗೆ?

ಅಟ್ಟದಿಂದ ಇಳಿಸಿ, ಅದೇ ಮೊದಲ ಮದ್ದು. ಏಪ್ರಿಲ್ ಮೇನಲ್ಲಿ ನಮ್ಮ ತಗಡಿನ ಅಟ್ಟ ಒಲೆಯೇ. ಒಳಕೋಣೆಯ ಕಬ್ಬಿಣದ ಬೀರು, ಕೆಳಗಿನ ಅರೆ ಬಿಟ್ಟು ನಡುವಿನ ಅರೆ, ಅಷ್ಟು ಸಾಕು. ಬೇವಿನ ಸೊಪ್ಪನ್ನು ಆಲ್ಬಮ್ಮಿನೊಳಗೆ ಇಡಬೇಡಿ, ಕಲೆ ಬೀಳುತ್ತದೆ. ಬಟ್ಟೆಯ ಚೀಲದಲ್ಲಿ ಕಟ್ಟಿ ಪಕ್ಕಕ್ಕೆ ಇಡಿ. ಹರಿದಿದ್ದಕ್ಕೆ ಸೆಲ್ಲೋಟೇಪು ಅಂಟಿಸಬೇಡಿ. ಹೆಸರು ಬರೆಯುವುದಿದ್ದರೆ ಹಿಂಬದಿಗೆ, ಮೆತ್ತನೆ ಪೆನ್ಸಿಲಿನಿಂದ, ಅಂಚಿನಲ್ಲಿ. ಬಾಲ್‌ಪೆನ್ನಿನ ಒತ್ತು ಮುಂದಿನ ಮುಖದ ಮೇಲೆ ಏಳುತ್ತದೆ.

ಸ್ಕ್ಯಾನ್ ಮಾಡುವುದಾದರೆ 600 ಡಿಪಿಐ, ಹಿಂದೆ ಮುಂದೆ ಎರಡೂ. ಮೊಬೈಲಿನಲ್ಲಾದರೆ ಕಿಟಕಿಯ ಪಕ್ಕದ ನೆರಳಿನಲ್ಲಿ, ಫ್ಲ್ಯಾಶ್ ಇಲ್ಲದೆ. ಚಿತ್ರ ಕಟ್ಟಿನ ಗಾಜಿಗೆ ಅಂಟಿಕೊಂಡಿದ್ದರೆ ಎಳೆಯಬೇಡಿ, ಗಾಜಿನ ಸಮೇತ ತೆಗೆಯಿರಿ.

ಸ್ಟುಡಿಯೋದವರು ತೆಗೆದ ಫೋಟೋ ಪುಸ್ತಕದಲ್ಲಿ ಅಚ್ಚು ಹಾಕಿದರೆ ತಕರಾರು ಬರುತ್ತದೆಯೇ?

1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ದುಡ್ಡು ಕೊಟ್ಟು ತೆಗೆಸಿದ ಫೋಟೋದ ಹಕ್ಕು, ಬೇರೆ ಕರಾರಿಲ್ಲದಿದ್ದರೆ, ತೆಗೆಸಿದವರದು. ಹಾಗಿದ್ದೂ ಫೋಟೋಗ್ರಾಫರನ ಹೆಸರು ಗೊತ್ತಿದ್ದರೆ ಹಾಕಿ. ಕಿರ್ದಿಯಲ್ಲಿ ಏಳು ರೂಪಾಯಿ ಇಸಿದುಕೊಂಡವನ ಹೆಸರು ನಮ್ಮವರು ಬರೆದಿಲ್ಲ, ಆ ಕೊರಗು ನನಗಿದೆ.

ನಾವು ವಿದ್ವಾಂಸರಲ್ಲ. ನಮ್ಮಂಥವರು ಹುಡುಕಿ ಏನಾದೀತು?

ಮಸ್ಕಿಯ ಅಶೋಕನ ಶಾಸನ 1915ರಲ್ಲಿ ಬೆಳಕಿಗೆ ಬಂದದ್ದು ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರನಿಂದ. ಅದುವರೆಗೆ ಬಂಡೆಗಳ ಮೇಲೆ ‘ದೇವಾನಾಂಪ್ರಿಯ’ ಎಂದಷ್ಟೇ ಓದುತ್ತಿದ್ದವರಿಗೆ ಅಶೋಕ ಎಂಬ ಹೆಸರೇ ಸಿಕ್ಕಿತು. ಅವನು ಹುಡುಕುತ್ತಿದ್ದದ್ದು ಚಿನ್ನ.

ಮೂಲ ಕಾಗದ ಎಲ್ಲಿಗೆ ಕೊಡಬೇಕು? ಇನ್ನಷ್ಟು ಎಲ್ಲಿ ಹುಡುಕಬೇಕು?

ಹಂಪಿಯ ಕನ್ನಡ ವಿಶ್ವವಿದ್ಯಾಲಯ ಹತ್ತಿರದ್ದು, ಹಸ್ತಪ್ರತಿ ವಿಭಾಗ ಅಲ್ಲಿದೆ. ಕೊಡುವ ಮುಂಚೆ ಪ್ರತಿ ಪುಟದ ಫೋಟೋ ತೆಗೆದಿಟ್ಟುಕೊಳ್ಳಿ, ಪಟ್ಟಿ ಮಾಡಿ ಸಹಿ ಪಡೆಯಿರಿ. ಹುಡುಕುವವರಿಗೆ, 1953ಕ್ಕೆ ಮುಂಚಿನ ಬಳ್ಳಾರಿಯ ಸರ್ಕಾರಿ ದಾಖಲೆಗೆ ಚೆನ್ನೈನ ಎಗ್ಮೋರ್‌ನಲ್ಲಿರುವ ಸರ್ಕಾರಿ ಪತ್ರಾಗಾರ, ನಿಜಾಮರ ಕಾಲದ ರಾಯಚೂರು, ಕೊಪ್ಪಳಕ್ಕೆ ಹೈದರಾಬಾದಿನ ತಾರ್ನಾಕಾದಲ್ಲಿರುವ ಪತ್ರಾಗಾರ. ಬೆಂಗಳೂರಿಗೆ ಹೋಗಿ ಬರಿಗೈಯಲ್ಲಿ ಬಂದವರನ್ನು ಬಹಳ ಕಂಡಿದ್ದೇನೆ.

1948ರ ಆಸುಪಾಸಿನದು ಏನೂ ಸಿಗುತ್ತಿಲ್ಲ, ಯಾಕೆ?

ನಿಜಾಮರ ಪರ ನಿಂತ ರಜಾಕಾರರ ಗಲಾಟೆಯಲ್ಲಿ ಊರು ಬಿಟ್ಟವರು ಚಿನ್ನ, ಮಕ್ಕಳು, ಪಾತ್ರೆ ಹೊತ್ತುಕೊಂಡು ಹೊಳೆ ದಾಟಿದರು. ಫೋಟೋ ಯಾರು ಹೊರುತ್ತಾರೆ? ನಮ್ಮ ಕಿರ್ದಿಯಲ್ಲೂ ಏಳು ತಿಂಗಳು ಖಾಲಿ. ಆ ಖಾಲಿ ಹಾಳೆಗಳನ್ನೂ ಸ್ಕ್ಯಾನ್ ಮಾಡಿದ್ದೇನೆ.

ಫೋಟೋದಲ್ಲಿರುವುದು ಯಾರೆಂದು ಹೇಳುವವರು ಒಬ್ಬರೇ ಉಳಿದಿದ್ದಾರೆ. ಹೇಗೆ ಕೇಳಬೇಕು?

‘ಇವರು ಯಾರು?’ ಎಂದು ಕೇಳಬೇಡಿ, ಪರೀಕ್ಷೆಯಂತಾಗಿ ಸುಮ್ಮನಾಗುತ್ತಾರೆ. ಫೋಟೋ ಕೈಗೆ ಕೊಟ್ಟು, ಚಹಾ ಕುಡಿಯುತ್ತ ಕೂತುಬಿಡಿ. ಬೆಳಿಗ್ಗೆ ಹೋಗಿ, ಊಟದ ಮೇಲೆ ನಿದ್ದೆ ಬರುತ್ತದೆ.

ಲಿಂಗಸೂಗೂರಿನ ಒಂದು ಮನೆಯಲ್ಲಿ ಹೀಗೇ ಕೂತಿದ್ದೆ. ಎಂಬತ್ತೆಂಟರ ಅಮ್ಮ, ಕಣ್ಣು ಮಂಜು. ಫೋಟೋದಲ್ಲಿ ಒಬ್ಬ ಹೆಂಗಸು, ಮನೆಯವರೆಲ್ಲ ಅದು ದೊಡ್ಡ ಸೊಸೆ ಅಂತ ಹೂ ಹಾಕಿಕೊಂಡು ಬಂದಿದ್ದರು. ಅಮ್ಮ ಮುಖದ ಕಡೆ ನೋಡಲೇ ಇಲ್ಲ. ಬೆರಳಿಟ್ಟು ಕಿವಿ ಹುಡುಕಿದರು, ಕಿವಿಯ ಮೇಲ್ಗಡೆ ಬುಗುಡಿ ಕಂಡಿತು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬುಗುಡಿ ದೊಡ್ಡಾಕೀದೇ. ಕಿವಿ ಆಕೀದಲ್ಲ. ಬರಗಾಲದಾಗ ಅಡವಿಟ್ಟಿದ್ರು, ಬಿಡಿಸ್ಕೊಂಡು ಬಂದು ಹಾಕ್ಕೊಂಡಾಕಿ ಸಣ್ಣಾಕಿ’ ಅಂದರು.

ಮಗ ಎದ್ದು ಹೋಗಿ ಒಳಗಿನಿಂದ ಖತಾವಣಿ ತಂದ.